ಅಂಗಡಿಯಿಂದ ಏನು ತರುತ್ತೀರಿ? ಸಾಗರದಿಂದ ಶಿರಸಿಗೆ ಆರು ದಿನದ ಸೈಕಲ್ ದಾರಿ

(ಒಂದು ಕಾಲೇಜಿನ ಪರಿಸರ ಬಳಗದ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಧ್ವನಿಮುದ್ರಣ ಕೇಳಿಕೊಂಡು, ನನ್ನ 'ಅಂದ್ರೆ' 'ಅದೇನಪ್ಪ'ಗಳನ್ನು ತೆಗೆದುಹಾಕಿ ಬರೆದಿದ್ದೇನೆ.)

ಪರಿಚಯ ಮಾಡಿಕೊಡುವಾಗ ನನ್ನನ್ನು 'ಸೈಕಲ್ ಸಾಹಸಿ' ಅಂದರು. ಆ ಮಾತನ್ನು ಮೊದಲು ವಾಪಸ್ ಕೊಡುತ್ತೇನೆ. ನಾವು ಆರು ದಿನದಲ್ಲಿ ತುಳಿದದ್ದು ಹೆಚ್ಚುಕಡಿಮೆ 150 ಕಿಲೋಮೀಟರ್. ನಮ್ಮೂರಲ್ಲಿ ಹಾಲು ಹಾಕುತ್ತಿದ್ದ ಒಬ್ಬರು ಒಂದು ವಾರದಲ್ಲಿ ಇದಕ್ಕಿಂತ ಜಾಸ್ತಿ ತುಳಿಯುತ್ತಿದ್ದರು, ಹ್ಯಾಂಡಲ್ಲಿಗೆ ಎರಡು ಕ್ಯಾನು ನೇತುಹಾಕಿಕೊಂಡು. ಅವರನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ಹಾಗಾಗಿ ಇವತ್ತು ಸೈಕಲ್ಲಿನ ಬಗ್ಗೆ ಕಡಿಮೆ, ಸೈಕಲ್ ನಿಲ್ಲಿಸಿದ ಮನೆಗಳ ಬಗ್ಗೆ ಜಾಸ್ತಿ ಮಾತಾಡುತ್ತೇನೆ.

ಈ ಯೋಚನೆ ನಮ್ಮದಲ್ಲ. ಯುರೋಪಿನಲ್ಲಿ 'ಇಕೋಟೋಪಿಯಾ ಬೈಕ್‌ಟೂರ್' ಅಂತ 1990ರಿಂದ ನಡೆದುಬಂದಿರುವ ಒಂದು ಪದ್ಧತಿ ಇದೆ. ನಾಯಕ ಅಂತ ಯಾರೂ ಇಲ್ಲ. ಬೇಸಿಗೆಯಲ್ಲಿ ಗುಂಪುಗುಂಪಾಗಿ ಸೈಕಲ್ ತುಳಿಯುತ್ತಾ ಸಾವಯವ ತೋಟಗಳು, ಕೂಡಿ ಬಾಳುವ ಬಳಗಗಳು, ಅಣೆಕಟ್ಟು-ಗಣಿ ಬೇಡವೆಂದು ಹೋರಾಡುವ ಊರುಗಳಲ್ಲಿ ತಂಗುತ್ತಾರೆ. ಅಡಿಗೆ ಪಾತ್ರೆಗಳು ಸೈಕಲ್ಲಿಗೆ ಕಟ್ಟಿದ ಪುಟ್ಟ ಗಾಡಿಯಲ್ಲಿ ಹಿಂದೆ ಬರುತ್ತವೆ. ಮುಂದೆ ಹೋದವರು ತಿರುವಿನಲ್ಲಿ ಸೀಮೆಸುಣ್ಣದಲ್ಲಿ ಬಾಣ ಬರೆದಿಡುತ್ತಾರೆ. ನಮ್ಮ ದೇಶದಲ್ಲೂ ಇಂಥದ್ದಿದೆ. ಉದಯಪುರದ 'ಶಿಕ್ಷಾಂತರ' ಬಳಗದವರ ಸೈಕಲ್ ಯಾತ್ರೆಯಲ್ಲಿ ಜೇಬಿನಲ್ಲಿ ದುಡ್ಡಿಲ್ಲ, ಕೈಯಲ್ಲಿ ಮೊಬೈಲ್ ಇಲ್ಲ. ಹಳ್ಳಿಯಲ್ಲಿ ಕೆಲಸ ಮಾಡಿಕೊಟ್ಟು ಊಟ ಗಳಿಸಬೇಕು.

ನಮಗೆ ಅಷ್ಟು ಧೈರ್ಯ ಬರಲಿಲ್ಲ. ದುಡ್ಡೂ ಇತ್ತು, ಮೊಬೈಲೂ ಇತ್ತು. ಎರಡು ನಿಯಮ ಮಾತ್ರ ಮಾಡಿಕೊಂಡೆವು. ಒಂದು, ಉಳಿದ ಮನೆಯಲ್ಲಿ ದಿನಕ್ಕೆ ಎರಡು ತಾಸು ಕೆಲಸ ಮಾಡುವುದು. ಇನ್ನೊಂದು, ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ ಕೇಳಿ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು: "ಅಂಗಡಿಯಿಂದ ಏನೇನು ತರುತ್ತೀರಿ?"

ಈ ಪ್ರಶ್ನೆ ಹುಟ್ಟಿದ್ದಕ್ಕೆ ಒಂದು ಕಾರಣ ಇದೆ. 'ಸ್ವಾವಲಂಬನೆ' ಅನ್ನುವುದು ಸಭೆಗೆ ಬರುವ ಮಾತು. "ನೀವು ಸ್ವಾವಲಂಬಿಗಳೇ?" ಅಂತ ಕೇಳಿದರೆ ಎದುರಿನವರು ನೆಟ್ಟಗೆ ಕೂತು, ಅಂಗಿ ಸರಿಮಾಡಿಕೊಂಡು, ಭಾಷಣ ಶುರುಮಾಡುತ್ತಾರೆ. ಅಂಗಡಿ ಚೀಟಿ ಕೇಳಿದರೆ ಹಾಗಾಗುವುದಿಲ್ಲ. ಒಳಗಿನಿಂದ ಮನೆಯವರು "ಬೆಂಕಿಪೊಟ್ಟಣ ಬರಿರಿ, ಬಿಟ್ಟುಹೋಯ್ತು" ಅಂತ ಕೂಗುತ್ತಾರೆ.

ನಾವು ಹನ್ನೊಂದು ಜನ ಇದ್ದೆವು. ಅತಿ ಚಿಕ್ಕವಳಿಗೆ 19, ಅತಿ ಹಿರಿಯರಿಗೆ 61. ಜನವರಿಯ ಒಂದು ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ರೈಲಿನ ಲಗೇಜ್ ಡಬ್ಬಿಯಿಂದ ಸೈಕಲ್ ಇಳಿಸಿಕೊಂಡೆವು. ಅರ್ಧ ಜನರದ್ದು ಗೇರ್ ಸೈಕಲ್, ಉಳಿದವರದ್ದು ಮನೆಯಲ್ಲಿದ್ದ ಕಪ್ಪು ಸೈಕಲ್. ಮೊದಲ ಏರಿನಲ್ಲಿ ಗೇರಿನವರು ನಗುತ್ತಾ ಮುಂದೆ ಹೋದರು. ಮೂರನೇ ದಿನ ಒಂದು ಗೇರ್ ಸೈಕಲ್ಲಿನ ಟ್ಯೂಬು ಹರಿದಾಗ ದಾರಿಯ ಪಂಚರ್ ಅಂಗಡಿಯವರು ಅದರ ವಾಲ್ವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕೆ ಬೆಂಗಳೂರಿಗೇ ಹೋಗಬೇಕು" ಅಂದರು. ಹಳೇ 28 ಇಂಚಿನ ಕಪ್ಪು ಸೈಕಲ್ಲಿನ ಟ್ಯೂಬು ಅವರ ಮೊಳೆಗೆ ನೇತುಬಿದ್ದಿತ್ತು. ಆ ದಿನ ಗೇರಿನ ಸೈಕಲ್ಲು ಲಗೇಜ್ ಆಟೋದಲ್ಲಿ ಹೋಯಿತು, ಕಪ್ಪು ಸೈಕಲ್ಲಿನವರು ನಗುತ್ತಾ ಕೈಬೀಸಿದರು.

ಬಾಣದ ಗುರುತಿಗೆ ನಾವು ರಂಗೋಲಿ ಪುಡಿ ಒಯ್ದಿದ್ದೆವು. ಅದು ಎರಡು ಬಸ್ಸು ಹೋದರೆ ಅಳಿಸಿಹೋಗುತ್ತದೆ. ಒಂದು ತಿರುವಿನಲ್ಲಂತೂ ಕಟ್ಟಿಗೆ ಹೊತ್ತು ಬಂದ ಅಜ್ಜಿಯೊಬ್ಬರು ಬಾಣವನ್ನು ಸುತ್ತುಹಾಕಿಕೊಂಡು ದಾಟಿದರು, ಯಾರೋ ಮಾಟ ಮಾಡಿಟ್ಟಿದ್ದಾರೆ ಅಂತ. ಆಮೇಲೆ ತಿರುವಿಗೊಬ್ಬರು ನಿಂತುಕೊಳ್ಳುವ ಪದ್ಧತಿ ಮಾಡಿದೆವು.

ಮೊದಲು ಹೋದದ್ದು ಹೆಗ್ಗೋಡಿನ ಕಡೆ. ಹೆಗ್ಗೋಡು ಅಂದರೆ ನಿಮಗೆ ನೀನಾಸಂ ನಾಟಕ ಸಂಸ್ಥೆ ನೆನಪಾಗುತ್ತದೆ. 1949ರಲ್ಲಿ ಶುರುವಾದದ್ದು, ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಳ್ಳಿಯಲ್ಲಿ ಕೂತು ಜಗತ್ತಿನ ನಾಟಕ ಆಡಬಹುದು ಅಂತ ತೋರಿಸಿದ ಊರು ಅದು. ನಾವು ಅಲ್ಲಿಂದ ಸ್ವಲ್ಪ ದೂರದ ಭೀಮನಕೋಣೆಗೆ ಹೋದೆವು. ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಹುಟ್ಟಿದ 'ಚರಕ' ಮಹಿಳಾ ಸಹಕಾರ ಸಂಘ ಇರುವುದು ಅಲ್ಲಿ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ನೇಯುತ್ತಾರೆ, ಬಣ್ಣ ಹಾಕುತ್ತಾರೆ, ಹೊಲಿಯುತ್ತಾರೆ. ಬಣ್ಣದಲ್ಲಿ ನನಗೆ ಇಷ್ಟವಾದದ್ದು ಚೊಗರು. ಕೆಂಪಡಿಕೆ ಮಾಡಲು ಹಸಿ ಅಡಿಕೆ ಬೇಯಿಸುತ್ತಾರಲ್ಲ, ಆಗ ಉಳಿಯುವ ಗಟ್ಟಿ ಕೆಂಗಂದು ನೀರು ಅದು. ನಿಮ್ಮಲ್ಲಿ ತೋಟದ ಮನೆಯವರು ಇದ್ದರೆ ಗೊತ್ತಿರುತ್ತದೆ, ಬಟ್ಟೆಗೆ ಅದರ ಕಲೆ ತಾಗಿದರೆ ಅಮ್ಮನ ಬೈಗುಳ ಗ್ಯಾರಂಟಿ. ಆ ಹೋಗದ ಕಲೆಯನ್ನೇ ಇಲ್ಲಿ ಬಣ್ಣ ಮಾಡಿಕೊಂಡಿದ್ದಾರೆ.

ಅಷ್ಟು ನೋಡಿ ನಮ್ಮ ಹುಡುಗನೊಬ್ಬ "ಇದು ಪೂರ್ತಿ ಇಲ್ಲಿಯದೇ!" ಅಂತ ಉದ್ಗಾರ ತೆಗೆದ. ಪೂರ್ತಿ ಹೇಗಾಗುತ್ತದೆ? ಮಲೆನಾಡಿನ ಮಳೆಗೆ ಹತ್ತಿ ಬೆಳೆಯುವುದಿಲ್ಲ. ನೂಲು ಘಟ್ಟದಾಚೆ, ಬಯಲು ಸೀಮೆಯಾಚೆ ಎಲ್ಲಿಂದಲೋ ಬರಬೇಕು. ಬಟ್ಟೆ ಕೊಳ್ಳುವವರು ಬೆಂಗಳೂರಿನಲ್ಲಿ ಇರಬೇಕು. 2017ರಲ್ಲಿ ಕೈಉತ್ಪನ್ನಗಳ ಮೇಲೆ ಜಿಎಸ್‌ಟಿ ಬಿದ್ದಾಗ ಪ್ರಸನ್ನ ಅವರು ಕರ ನಿರಾಕರಣೆಯ ಸತ್ಯಾಗ್ರಹಕ್ಕೆ ಇಳಿದದ್ದು ಇದೇ ಕಾರಣಕ್ಕೆ. ಮಗ್ಗ ಹಳ್ಳಿಯಲ್ಲಿದ್ದರೂ ಅದರ ದಾರ ದೆಹಲಿಯವರೆಗೆ ಹೋಗಿರುತ್ತದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬಿದ್ದ ಮೊದಲ ಪದ: ನೂಲು.

ಎರಡನೇ ರಾತ್ರಿ ತಲಗುಪ್ಪದ ಹತ್ತಿರ ದೀವರ ಸಮುದಾಯದ ಒಂದು ಮನೆ. ಅದು ಯಾವ 'ಮಾದರಿ ತೋಟ'ವೂ ಅಲ್ಲ, ಯಾರ ಪಟ್ಟಿಯಲ್ಲೂ ಇರಲಿಲ್ಲ. ದಾರಿಯಲ್ಲಿ ಪರಿಚಯವಾದವರು ಕರೆದರು, ಹೋದೆವು. ಪಡಸಾಲೆಯ ಗೋಡೆಯ ಮೇಲೆ ಕೆಮ್ಮಣ್ಣಿನ ಹಿನ್ನೆಲೆಗೆ ಬಿಳಿ ಗೆರೆಯ ಹಸೆ ಚಿತ್ತಾರ. ಮೇಲೆ ಭೂಮಿ ಹುಣ್ಣಿಮೆ ಹಬ್ಬಕ್ಕೆ ಚಿತ್ತಾರ ಬರೆದ ಬೂಮಣ್ಣಿ ಬುಟ್ಟಿ ನೇತುಹಾಕಿದ್ದರು. ಮನೆಯ ಹಿರಿಯರಿಗೆ ಎಪ್ಪತ್ತು ದಾಟಿತ್ತು. ನಮ್ಮ ಪ್ರಶ್ನೆ ಕೇಳಿ ಅವರು "ಈಗಿಂದು ಕೇಳ್ತೀರೋ, ಆಗಿಂದೋ?" ಅಂದರು. ಎರಡೂ ಹೇಳಿ ಅಂದೆವು.

ಅವರ ಮನೆ ಮೊದಲು ಶರಾವತಿ ಕಣಿವೆಯಲ್ಲಿತ್ತು. ಆ ಕಣಿವೆ ಮುಳುಗಿಸಿದ ಲಿಂಗನಮಕ್ಕಿ ವಿದ್ಯುತ್ ಅಣೆಕಟ್ಟು ಮುಗಿದದ್ದು 1964ರಲ್ಲಿ. ಇವರು ಆಗ ಹುಡುಗ. ಲಾರಿಯಲ್ಲಿ ಸಾಮಾನಿನ ಜೊತೆ ಕೂತು ಬಂದದ್ದು ನೆನಪಿದೆ, ನಾಯಿ ಲಾರಿ ಹತ್ತದೆ ಉಳಿದದ್ದು ನೆನಪಿದೆ. "ಅಲ್ಲಿದ್ದಾಗ ಅಂಗಡಿಯಿಂದ ತರ್ತಿದ್ದದ್ದು ಉಪ್ಪು, ಸೀಮೆಎಣ್ಣೆ, ಬಟ್ಟೆ. ಮತ್ತೆಂತದೂ ಇಲ್ಲ" ಅಂದರು. ಭತ್ತ ಗದ್ದೆಯದ್ದು, ಬೆಲ್ಲ ಊರ ಆಲೆಮನೆಯದ್ದು, ಮೀನು ಹೊಳೆಯದ್ದು. ಆ ಹೊಳೆಯ ನೀರಿನಿಂದ ನಾಡಿಗೆಲ್ಲ ದೀಪ ಹತ್ತಿತು. ಇವರ ಮನೆಗೆ ಸೀಮೆಎಣ್ಣೆ ದೀಪ ಇನ್ನೂ ಎಷ್ಟೋ ವರ್ಷ ಉರಿಯಿತು. ನಮ್ಮಲ್ಲಿ ಒಬ್ಬಳು "ಅಂದರೆ ನೀವು ಆಗ ಪೂರ್ತಿ ಸ್ವಾವಲಂಬಿಗಳು" ಅಂದಳು. ಅಜ್ಜ ಸುಮ್ಮನಿದ್ದು, "ಹಂಗಂತ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಏಳಿಸ್ತಿರಲಿಲ್ಲವೋ ಏನೋ" ಅಂದರು. ನೋಟ್‌ಬುಕ್ ಹಿಡಿದಿದ್ದವಳು ಆ ರಾತ್ರಿ ಮತ್ತೇನೂ ಬರೆಯಲಿಲ್ಲ.

ಸಿದ್ದಾಪುರ ತಾಲ್ಲೂಕಿನ ಅಡಿಕೆ ತೋಟಗಳಲ್ಲಿ ಮೂರು ರಾತ್ರಿ ಕಳೆದೆವು. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ನಾನು ಅಂದುಕೊಂಡದ್ದು ಬುಡಮೇಲಾದದ್ದು ಇಲ್ಲಿಯೇ.

ತೋಟದ ಮನೆ ದೂರದಿಂದ ನೋಡಿದರೆ ಒಂದು ಪುಟ್ಟ ರಾಜ್ಯ. ಗುಡ್ಡದ ಮೇಲಿನ ಒರತೆಯಿಂದ ನೀರು ತಾನಾಗಿಯೇ ಇಳಿದು ಬಚ್ಚಲಿಗೆ ಬರುತ್ತದೆ. ಅಬ್ಬಿ ನೀರು ಅನ್ನುತ್ತಾರೆ. ಮೊದಲು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿಯುತ್ತಿತ್ತು, ಈಗ ಕರಿ ಪೈಪು. ಪಂಪೂ ಇಲ್ಲ, ಬಿಲ್ಲೂ ಇಲ್ಲ. ಕೊಟ್ಟಿಗೆಯ ಸಗಣಿ ಗೋಬರ್ ಗ್ಯಾಸಿಗೆ. ಲೆಕ್ಕ ಸರಳ: ಸುಮಾರು 25 ಕಿಲೋ ಸಗಣಿಗೆ ಒಂದು ಘನ ಮೀಟರ್ ಅನಿಲ. ಎರಡು ಘನ ಮೀಟರಿನ ಗುಂಡಿಗೆ ದಿನಾ 50 ಕಿಲೋ ಹಾಕಿದರೆ ಒಂದು ಸಂಸಾರದ ಅಡಿಗೆ ಆಗುತ್ತದೆ. ಹೊರಬರುವ ಬಗ್ಗಡ ಮತ್ತೆ ತೋಟಕ್ಕೆ. ಒಂದು ಮನೆಯಲ್ಲಿ ನೀರು ಕಾಯಿಸುವುದಕ್ಕೆ ಹಳೆಯ ಅಸ್ತ್ರ ಒಲೆ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳ ತಂತ್ರಜ್ಞಾನಕ್ಕಾಗಿಯೇ 1974ರಲ್ಲಿ 'ಅಸ್ತ್ರ' ಅಂತ ಒಂದು ವಿಭಾಗ ಶುರುವಾಗಿತ್ತು, ಈ ಒಲೆ ಅವರದ್ದು. ಕಡಿಮೆ ಕಟ್ಟಿಗೆ, ಕಡಿಮೆ ಹೊಗೆ. ಮನೆಯ ಅಮ್ಮ ಅದರ ಕಥೆ ಕೇಳಿ, "ಹೌದಾ, ಇದಕ್ಕೆ ಹೆಸರೂ ಇದ್ಯಾ?" ಅಂದರು.

ಇಷ್ಟು ನೋಡಿದ ಮೇಲೆ ನೋಟ್‌ಬುಕ್ ತೆಗೆದು ಪ್ರಶ್ನೆ ಕೇಳಿದೆವು. ಯಜಮಾನರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಉತ್ತರ ಬಂತು: "ಅಕ್ಕಿ."

ಮೂರು ಮನೆಯಲ್ಲೂ ಅಕ್ಕಿಯೇ ಮೊದಲು. ಮೊದಲು ಕೆಳಗಿನ ಬಯಲಲ್ಲಿ ಗದ್ದೆ ಇತ್ತು. ಅಡಿಕೆಗೆ ಬೆಲೆ ಬಂತು, ನಾಟಿಗೆ ಆಳು ಸಿಗದಾಯಿತು, ಕಾಡುಹಂದಿ ಬಂತು. ಗದ್ದೆಗೆ ಮಣ್ಣು ಏರಿಸಿ ಅಡಿಕೆ ಹಾಕಿದರು. ಈಗ ಊರಿಗೆ ಊರೇ ತೋಟ. ಹಾಲಿದೆ, ತುಪ್ಪವಿದೆ, ಏಲಕ್ಕಿ ಇದೆ, ಮೆಣಸಿದೆ, ಬಾಳೆಯಿದೆ. ಅನ್ನಕ್ಕೆ ಮಾತ್ರ ಅಂಗಡಿ. ತಿಂದರೆ ಹೊಟ್ಟೆ ತುಂಬದ ಒಂದು ಕಾಯಿಯನ್ನು ಮಾರಿ, ಹೊಟ್ಟೆ ತುಂಬುವುದನ್ನು ಕೊಳ್ಳುವುದು. ನಾನು ಇದನ್ನು ಆಕ್ಷೇಪಿಸುತ್ತಿಲ್ಲ, ಮಕ್ಕಳ ಕಾಲೇಜು ಫೀಸು ಭತ್ತದಿಂದ ಬರುವುದಿಲ್ಲ ಅಂತ ನನಗೂ ಗೊತ್ತು. ಆದರೆ 'ಸ್ವಾವಲಂಬಿ ತೋಟ' ಅಂತ ನಮ್ಮ ಪಟ್ಟಿಯಲ್ಲಿ ಬರೆದುಕೊಂಡು ಹೋದವರಿಗೆ ಆ ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡಿತು.

ಆಮೇಲೆ ಪಟ್ಟಿ ಬೆಳೆಯಿತು. ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ, ಒಂದೊಂದು ಕಿಲೋ, ನೂರು ಲೀಟರ್ ನೀರಿಗೆ. ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟಲು ಪ್ಲಾಸ್ಟಿಕ್. ಕೆಳಗೆ ನಿಂತೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿ. ಹಿಂಡಿ. ಮತ್ತೆ ಆಳು. 'ಆಳು' ಅಂಗಡಿಯಲ್ಲಿ ಸಿಗುವುದಿಲ್ಲ, ಬರೆಯಬೇಕೋ ಬೇಡವೋ ಅಂತ ನಮ್ಮಲ್ಲೇ ಒಂದು ರಾತ್ರಿ ಜಗಳವಾಯಿತು. ಸೊಪ್ಪು ಹೊರುವವರು, ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡ, ಅಡಿಕೆ ಸುಲಿಯುವ ಹೆಂಗಸರು, ಇವರ್ಯಾರೂ ಆ ಮನೆಯವರಲ್ಲ. ಹೊರಗಿನ ಗೊಬ್ಬರ ತಂದರೆ ಅವಲಂಬನೆ, ಹೊರಗಿನ ಬೆವರು ತಂದರೆ ಸ್ವಾವಲಂಬನೆ ಅಂದರೆ ಅದ್ಯಾವ ನ್ಯಾಯ ಅಂತ ನಮ್ಮ 61ರ ಹಿರಿಯರು ಚಾಪೆಯ ಮೇಲೆ ಎದ್ದು ಕೂತರು. ಕೊನೆಗೆ ಬರೆದೆವು.

ಇನ್ನು ಬೆಟ್ಟದ ವಿಷಯ. ಇಲ್ಲಿ 'ಬೆಟ್ಟ' ಅಂದರೆ ಎತ್ತರದ ಗುಡ್ಡ ಅಂತಷ್ಟೇ ಅರ್ಥವಲ್ಲ. ಸೊಪ್ಪಿನಬೆಟ್ಟ. ಉತ್ತರ ಕನ್ನಡದಲ್ಲಿ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಕಾಡಿನಿಂದ ಸೊಪ್ಪು, ದರಕು (ಉದುರಿದ ಒಣ ಎಲೆ), ಕಟ್ಟಿಗೆ ತರುವ ಹಕ್ಕು ಬ್ರಿಟಿಷರ ಕಾಲದಿಂದ ಬಂದಿದೆ. ಬೇಸಿಗೆಯಲ್ಲಿ ಉದುರಿದ ಎಲೆ ಗುಡಿಸಿ ಕೊಟ್ಟಿಗೆಗೆ ಹಾಸಿ, ದನ ತುಳಿದು ಗೊಬ್ಬರವಾಗಿ, ಆಮೇಲೆ ತೋಟಕ್ಕೆ. ಅಂದರೆ ಆ ಒಂದು ಎಕರೆಯ ಹಸಿರು ನಿಂತಿರುವುದು ಒಂಬತ್ತು ಎಕರೆಯ ಬೆನ್ನಿನ ಮೇಲೆ. ಕಾರಿನಲ್ಲಿ ಬಂದವರಿಗೆ ತೋಟ ಕಾಣುತ್ತದೆ, ಬೆಟ್ಟ ಕಾಣುವುದಿಲ್ಲ. ಸೈಕಲ್ಲಿನಲ್ಲಿ ಬೆಟ್ಟದ ಏರಿನಲ್ಲೇ ಉಸಿರು ಸಿಕ್ಕಿಕೊಳ್ಳುವುದರಿಂದ, ಇಳಿದು ನೂಕಿಕೊಂಡು ಹೋಗುವಾಗ ಎಲ್ಲಿ ಮರಗಳ ಕೈಕಾಲು ಕಡಿದು ಬೋಳಾಗಿದೆ, ಎಲ್ಲಿ ಚೆನ್ನಾಗಿ ಕಾಪಾಡಿದ್ದಾರೆ ಅಂತ ಒಂದೊಂದೇ ನೋಡಲು ಪುರುಸೊತ್ತು ಸಿಗುತ್ತದೆ. ಇಡೀ ಪ್ರವಾಸದಲ್ಲಿ ಸೈಕಲ್ಲಿನಿಂದ ಆದ ದೊಡ್ಡ ಉಪಕಾರ ಇದು.

ನಮ್ಮ ಎರಡು ತಾಸಿನ ಕೆಲಸ ಏನಾಯಿತು ಅಂತ ನೀವು ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಮೊದಲ ತೋಟದಲ್ಲಿ ದರಕು ಗುಡಿಸಿದೆವು. ಎರಡು ತಾಸಿಗೆ ಹನ್ನೊಂದು ಜನ ಗುಡಿಸಿದ್ದನ್ನು ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ಒಂದೇ ಹೊರೆಯಲ್ಲಿ ಎತ್ತಿಕೊಂಡು ಹೋದರು. ಎರಡನೇ ಮನೆಯಲ್ಲಿ ಅಡಿಕೆ ಸುಲಿಯಲು ಕೂತೆವು. ಮೆಟ್ಟುಗತ್ತಿಗೆ ಇಬ್ಬರ ಬೆರಳು ಕೊಯ್ಯಿತು. ಮನೆಯ ಅಮ್ಮ ಅರಿಸಿನ ಹಚ್ಚಿ, ಬಟ್ಟೆ ಕಟ್ಟಿ, "ನಿಮ್ಮ ಕೆಲಸ ಸಾಕು ಮಾರಾಯ್ರೆ. ಪಾತ್ರೆ ತೊಳೀರಿ" ಅಂದರು. ಆಗ ನಮಗೆ ಹೊಳೆಯಿತು. ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ಸಮಯ, ಮನೆಯಲ್ಲಿ ಕೆಲಸದವರಿಗೆಲ್ಲ ಅಡಿಗೆ ಆಗಬೇಕು, ಅದರ ಮೇಲೆ ನಾವು ಹನ್ನೊಂದು ಬಾಯಿ. ಜಗಲಿಯಲ್ಲಿ ಕೂತು ಯಜಮಾನರ ಜೊತೆ ಸುಸ್ಥಿರ ಬದುಕಿನ ಬಗ್ಗೆ ಚರ್ಚೆ ಮಾಡುತ್ತಿದ್ದೆವು. ಒಳಗೆ ಒಬ್ಬರೇ ಒಂದೆಲಗದ ತಂಬುಳಿ, ಅಪ್ಪೆಹುಳಿ, ಪಲ್ಯ, ಅನ್ನ ಮಾಡಿ ಬಡಿಸುತ್ತಿದ್ದರು. ಊಟ ಹೊಗಳಿದ್ದೇ ಹೊಗಳಿದ್ದು! ಅವತ್ತಿನಿಂದ ನಿಯಮ ಬದಲಾಯಿತು. ಎರಡು ತಾಸಿನ ಕೆಲಸ ಅಡಿಗೆಮನೆ, ಬಚ್ಚಲು, ಕೊಟ್ಟಿಗೆಯಲ್ಲಿ ಮಾತ್ರ. ಗಂಡಸರಿಗೆ ಮೊದಲ ಪಾಳಿ.

ಆರನೇ ದಿನ ಶಿರಸಿ. ಅಲ್ಲಿ ಅಪ್ಪಿಕೋ ಚಳವಳಿಯ ನೆನಪು ತೆಗೆಯದೆ ಮುಂದೆ ಹೋಗುವ ಹಾಗಿಲ್ಲ. ಸಹಜ ಕಾಡು ಕಡಿದು ತೇಗ ನೆಡುತ್ತಿದ್ದ ಕಾಲ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಕಡೆಯ ಜನ ಕಾಡಿಗೆ ನಡೆದುಹೋಗಿ ಮರ ಅಪ್ಪಿಕೊಂಡರು. 'ಉಳಿಸು, ಬೆಳೆಸು, ಬಳಸು' ಅನ್ನುವುದು ಆ ಚಳವಳಿಯ ಮಾತು. ಮೂರನೆಯ ಪದ ಗಮನಿಸಿ. ಕಾಡನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಿ ಅಂತ ಅವರು ಕೇಳಲಿಲ್ಲ. ಸೊಪ್ಪು, ಜೇನು, ಉಪ್ಪಿನಕಾಯಿಗೆ ಅಪ್ಪೆಮಿಡಿ, ಹುಳಿಗೆ ಉಪ್ಪಾಗೆ ಬೇಕಾದವರು ಅವರು. ತೇಗದ ತೋಪಿನಲ್ಲಿ ಇದ್ಯಾವುದೂ ಸಿಗುವುದಿಲ್ಲ. ಬೆಟ್ಟದ ಲೆಕ್ಕ ಅರ್ಥವಾದ ಮೇಲೆ ನನಗೆ ಅಪ್ಪಿಕೋ ಬೇರೆ ಥರ ಕಾಣಿಸಿತು. ಅಂಗಡಿ ಚೀಟಿ ಉದ್ದವಾಗದಂತೆ ನೋಡಿಕೊಂಡ ಜನರ ಹೋರಾಟ ಅದು ಅನ್ನಿಸಿತು.

ಶಿರಸಿಯಲ್ಲೇ 'ವನಸ್ತ್ರೀ' ಅಂತ ಹೆಂಗಸರ ಬಳಗ ಇದೆ. 2001ರಿಂದ ಮನೆಯ ಹಿತ್ತಿಲಿನ ತರಕಾರಿ ಬೀಜ ಉಳಿಸುವ, ಹಂಚುವ ಕೆಲಸ ಮಾಡುತ್ತಿದ್ದಾರೆ. ಅಡಿಕೆಯ ಲೆಕ್ಕ ಗಂಡಸರ ಡೈರಿಯಲ್ಲಿ ಇರುತ್ತದೆ. ಹಿತ್ತಿಲಿನ ಸೌತೆ, ಹೀರೆ, ಬದನೆ, ಗೆಣಸಿನ ಲೆಕ್ಕ ಯಾವ ಡೈರಿಯಲ್ಲೂ ಇರುವುದಿಲ್ಲ. ಮಳೆಗಾಲದಲ್ಲಿ ಪೇಟೆಗೆ ಹೋಗಲಾಗದ ದಿನ ಮನೆ ನಡೆಯುವುದು ಆ ಹಿತ್ತಿಲಿನಿಂದ. ನಾವು ನೋಡಿದ ಮನೆಗಳ ಚೀಟಿಯಲ್ಲಿ 'ತರಕಾರಿ' ಅಂತ ಇಲ್ಲದ್ದು ಹಿತ್ತಿಲು ಗಟ್ಟಿಯಿದ್ದ ಎರಡೇ ಮನೆಯಲ್ಲಿ.

ಕೊನೆಯ ರಾತ್ರಿ ಉಳಿದ ಮನೆಯಲ್ಲಿ ಒಬ್ಬ ಅಜ್ಜಿ. ಬಚ್ಚಲೊಲೆಗೆ ಒಣಗಿದ ಅಡಿಕೆ ಸೋಗೆ ತುರುಕುತ್ತಾ ನಮ್ಮ ಪ್ರಶ್ನೆಗೆಲ್ಲ ಉತ್ತರ ಕೊಟ್ಟರು. ಉಪ್ಪು, ಸಕ್ಕರೆ, ಚಾಪುಡಿ, ಬೇಳೆ, ಅಕ್ಕಿ, ಸೋಪು, ಟಾರ್ಚಿನ ಶೆಲ್ಲು, ಮಗನ ಬಿಪಿ ಮಾತ್ರೆ. ಬರೆದು ಮುಗಿಸಿದ ಮೇಲೆ ನಮ್ಮ ಕಡೆ ತಿರುಗಿ, "ನಿಂಗಳ ಮನೇಲಿ ಅಂಗಡಿಂದ ತರದೇ ಇಪ್ಪದು ಎಂತ ಇದ್ದು, ಹೇಳಿ ನೋಡನ" ಅಂದರು.

ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಲೆ ಚಿಟಪಟ ಅನ್ನುತ್ತಿತ್ತು. ಕೊನೆಗೆ ಬೆಂಗಳೂರಿನ ಹುಡುಗಿ ಮೆಲ್ಲಗೆ, "ಕರಿಬೇವು. ಬಾಲ್ಕನಿಯಲ್ಲಿ ಕುಂಡದಲ್ಲಿದೆ" ಅಂದಳು.

"ಅಡ್ಡಿಲ್ಲೆ, ಒಂದಾದ್ರೂ ಇದ್ದು" ಅಂದರು ಅಜ್ಜಿ. ನಕ್ಕರೋ ಇಲ್ಲವೋ, ಹೊಗೆಯಲ್ಲಿ ಗೊತ್ತಾಗಲಿಲ್ಲ. ಬೆಳಗ್ಗೆ ಹೊರಡುವಾಗ ಅವಳ ಕೈಗೆ ಹಳೇ ಪೇಪರಿನಲ್ಲಿ ಸುತ್ತಿದ ಬಸಳೆ ಕುಡಿ ಕೊಟ್ಟಿದ್ದರು.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಹುಡುಗಿಯರು ಇಂಥ ಪ್ರವಾಸಕ್ಕೆ ಬಂದರೆ ಕಷ್ಟ ಆಗುವುದಿಲ್ಲವೇ? ನಮ್ಮ ಗುಂಪಿನಲ್ಲಿ ನಾಲ್ಕು ಜನ ಹೆಂಗಸರು. ಅವರಿಗಾದ ಕಷ್ಟ ಸೈಕಲ್ಲಿನದ್ದಲ್ಲ, ದಾರಿಯಲ್ಲಿ ಬಳಸುವಂಥ ಶೌಚಾಲಯ ಇಲ್ಲದ್ದು. ಇಡೀ ದಿನ ನೀರು ಕಡಿಮೆ ಕುಡಿದು ತುಳಿದರೆ ಸಂಜೆಗೆ ತಲೆನೋವು ಬರುತ್ತದೆ. ಮೂರನೇ ದಿನದಿಂದ ಹದಿನೈದು ಕಿಲೋಮೀಟರಿಗೆ ಒಂದು ಗೊತ್ತಿರುವ ಮನೆ ಸಿಗುವ ಹಾಗೆ ದಾರಿ ಬದಲಿಸಿಕೊಂಡೆವು. ಇದನ್ನು ಮೊದಲ ದಿನವೇ ಯೋಚಿಸಬೇಕಿತ್ತು. ಯೋಜನೆ ಮಾಡಿದವನು ನಾನು, ತಪ್ಪು ನನ್ನದು.

ಇನ್ನೊಬ್ಬರು: ಮುಂದಿನ ಪ್ರವಾಸ ಯಾವಾಗ? ಜನವರಿಯಲ್ಲಿ ಖಂಡಿತ ಬೇಡ ಅಂತ ತೋಟದ ಮನೆಯವರೇ ಹೇಳಿ ಕಳಿಸಿದ್ದಾರೆ. ಕೊನೆಕೊಯ್ಲು ಮುಗಿದು, ಅಪ್ಪೆಮಿಡಿ ಉಪ್ಪಿಗೆ ಹಾಕುವ ಹೊತ್ತಿಗೆ ಬನ್ನಿ, ಆಗ ಕೆಲಸ ಕಲಿಸುತ್ತೇವೆ ಅಂದಿದ್ದಾರೆ. ಹೆಸರು ಬರೆಸುವವರು ಸೈಕಲ್ಲಿನ ಜೊತೆಗೆ ಟ್ಯೂಬಿನ ಅಳತೆಯನ್ನೂ ಬರೆಸಿ. 28 ಇಂಚಿನವರಿಗೆ ಮೊದಲ ಆದ್ಯತೆ. ಪಾತ್ರೆ ತೊಳೆಯಲು ಬರುವವರಿಗೆ ಅದಕ್ಕೂ ಮೊದಲು.